ನೀಲತ್ತೆ ದನಿ ಕೊಟ್ಟ ಮಳೆಗಾಲ

ಹೋದ ವಾರ ಸವದತ್ತಿಯ ಗ್ರಂಥಾಲಯದಲ್ಲಿ ಹಳೆಯ ಟ್ರಂಕೊಂದರ ಮುಚ್ಚಳ ಎತ್ತಿದಾಗ ಕೊಬ್ಬರಿ ಎಣ್ಣೆಯೂ ಮುಖಕ್ಕೆ ಹಚ್ಚುವ ಬಣ್ಣವೂ ಕೂಡಿದ ವಾಸನೆ ಎದ್ದು ಬಂತು. ಒಳಗೆ ಮಾಸಿದ ಜರಿಯ ಸೀರೆಗಳು, ರಟ್ಟಿನ ಕಿರೀಟ, ಒಂದು ಸವರಿ ಕೂದಲು. ನಾಟಕದವರು ಬಣ್ಣ ಇಳಿಸಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಕೊಳ್ಳುತ್ತಿದ್ದರಂತೆ. ಅವರ ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾದರೂ ಬಟ್ಟೆಗಳು ಆ ವಾಸನೆಯನ್ನು ಬಿಟ್ಟುಕೊಟ್ಟಿಲ್ಲ. ನಾನು ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಆ ಒಂದು ಮಳೆಗಾಲ ಪೂರ್ತಿ ನನ್ನ ಸೀರೆಗಳಿಗೂ ಇದೇ ವಾಸನೆ ಹತ್ತಿತ್ತು.

ನಾನು ಅಲ್ಲಿಗೆ ಸಹಾಯಕಿಯಾಗಿ ವರ್ಗವಾಗಿ ಬಂದದ್ದು ಮೃಗಶಿರಾ, ನಮ್ಮ ಕಡೆಯ ಮಿರಗದ ಮಳೆ ಶುರುವಾಗುವ ಹೊತ್ತಿಗೆ. ಯಜಮಾನರ ಕೆಲಸವೂ ನಮ್ಮ ಮನೆಯೂ ರಾಮದುರ್ಗದಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ರಜೆ ಸಿಕ್ಕರೆ ಬೈಲಹೊಂಗಲದ ತವರಿಗೆ ಹೋಗುತ್ತಿದ್ದೆ. ಗ್ರಂಥಾಲಯ ಊರ ನಡುವೆಯೇ ಇತ್ತು. ಮುಂದಿನ ಹಾಲಿನಲ್ಲಿ ಪೇಪರು ಓದುವ ಹಿರಿಯರು, ಪೊಲೀಸ್ ಪರೀಕ್ಷೆಗೋ ಶಿಕ್ಷಕರ ಪರೀಕ್ಷೆಗೋ ಬೆಳಗಿನಿಂದ ಸಂಜೆವರೆಗೆ ಓದುತ್ತ ಕೂರುವ ಹುಡುಗ ಹುಡುಗಿಯರು. ದೇವಿಯ ಗುಡ್ಡಕ್ಕೆ ಹೋಗುವ ಬಸ್ಸು ತಪ್ಪಿದವರು ಮಳೆ ನಿಲ್ಲುವವರೆಗೆ ನಮ್ಮ ಜಗುಲಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಹಿಂದಿನ ಕೋಣೆಗೆ ಮಾತ್ರ ತಗಡಿನ ಪತ್ರಾಸ ಮಾಡು. ಅದೇ ನಮ್ಮ ರಂಗಕಲೆ ವಿಭಾಗ.

ಮುಚ್ಚಿಹೋದ ಒಂದು ನಾಟಕ ಕಂಪನಿಯ ಮಾಲೀಕರ ಮನೆಯವರು ತಮ್ಮಲ್ಲಿದ್ದದ್ದನ್ನೆಲ್ಲ ಗ್ರಂಥಾಲಯಕ್ಕೆ ಕೊಟ್ಟಿದ್ದರು. ಕೈಬರಹದ ನಾಟಕಗಳು, ಬಣ್ಣ ಬಣ್ಣದ ಹ್ಯಾಂಡ್‌ಬಿಲ್ಲುಗಳು, ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ, ಉಡುಪಿನ ಟ್ರಂಕುಗಳು. ಸುತ್ತಲ ಹಳ್ಳಿಗಳ ಸಣ್ಣಾಟ, ದೊಡ್ಡಾಟದ ಮೇಳದವರೂ ಒಂದೊಂದಾಗಿ ತಂದು ಇಟ್ಟು ಹೋಗುತ್ತಿದ್ದರು. ನಮ್ಮ ಗ್ರಂಥಪಾಲಕರಾದ ಹೊಸಮನಿ ಸರ್‌ಗೆ ಈ ಕೋಣೆಯೆಂದರೆ ಜೀವ. ನಿವೃತ್ತಿ ಹತ್ತಿರವಿತ್ತು, ಅದಕ್ಕೇ ಏನೋ ಅವಸರ.

"ಕಸ್ತೂರಿ, ಕಾಗದ ಬಂತು, ಅರಿವಿ ಬಂತು, ಪೆಟ್ಟಿಗಿ ಬಂತು," ಎಂದರು ಒಂದು ದಿನ. "ದನಿ ಬಂದಿಲ್ಲ ನೋಡು. ಹಾಡಿದಾವರು ಇನ್ನ ಒಬ್ಬಿಬ್ಬರು ಉಳದಾರ. ಅವರು ಹೋಗೂದರಾಗ ಹಿಡದಿಟ್ಟುಕೋಬೇಕು. ಮುನವಳ್ಳ್ಯಾಗ ಚಂದ್ರಕಲಾ ಅಂತ ಅದಾರ, ಈ ಕಂಪನಿ ದೊಡ್ಡ ನಟಿ. ನಾ ಕರದ್ರ ಬರವಲ್ರು. ನೀ ಹೆಣಮಗಳು, ಒಂದ ಸಲ ಹೋಗಿ ಬಾ."

ಮುನವಳ್ಳಿ ದೂರವೇನಲ್ಲ. ಮರುದಿನವೇ ಹೋದೆ. ಅಣೆಕಟ್ಟಿನ ಕಡೆಯಿಂದ ಬೀಸುವ ಗಾಳಿಗೆ ಛತ್ರಿ ನಿಲ್ಲುತ್ತಿರಲಿಲ್ಲ. ಓಣಿಯ ಕೊನೆಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆರೆದ ಹೆಂಗಸಿಗೆ ಎಪ್ಪತ್ತರ ಮೇಲೆ ವಯಸ್ಸು. ಬೆನ್ನು ಮಾತ್ರ ನೆಟ್ಟಗಿತ್ತು. ಬಂದ ಕಾರಣ ಹೇಳಿದೆ. ಅದನ್ನು ಅವರು ಅರ್ಧವೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾವೂರವಾ ನಿಂದು?"

"ಬೈಲಹೊಂಗಲ್ರಿ."

"ಯಾರ ಪೈಕಿ?"

"ಹತ್ತಿ ಅಂಗಡಿ ಮನಿಯವರ್ರಿ. ಶಿವಪುತ್ರಪ್ಪನವರ ಮಗಳು."

ಅವರು ಒಳಗೆ ಹೋದರು. ಚಹಾಕ್ಕೆ ಇಟ್ಟ ಸಪ್ಪಳ ಬಂತು. ಚಹಾ ಬರಲು ಬಹಳ ಹೊತ್ತಾಯಿತು. ಗೋಡೆಯ ಮೇಲೆ ಹಾರ್ಮೋನಿಯಂ ಮುಂದೆ ಕುಳಿತ ಒಬ್ಬ ಗಂಡಸಿನ ಫೋಟೊ, ಅದಕ್ಕೆ ಒಣಗಿದ ಹೂವಿನ ಹಾರ. ಕಪ್ಪು ನನ್ನ ಕೈಗೆ ಕೊಟ್ಟು ಎದುರಿಗೆ ಕುಳಿತು ಕೇಳಿದರು, "ಶಿವಪುತ್ರ ಆರಾಮ ಅದಾನೇನು?"

ನಮ್ಮ ಊರಿನಲ್ಲಿ ಅಪ್ಪನನ್ನು ಬರೇ ಶಿವಪುತ್ರ ಎಂದು ಕರೆಯುವವರನ್ನು ನಾನು ನೋಡಿರಲಿಲ್ಲ. "ನಮ್ಮಪ್ಪ ನಿಮಗ ಗೊತ್ತೇನ್ರಿ?" ಎಂದೆ.

"ನಾ ಅವನ ಅಕ್ಕ," ಎಂದರು. "ನೀಲವ್ವ ಅಂತ ನನ್ನ ಹೆಸರು. ಚಂದ್ರಕಲಾ ಅಂಬೂದು ಕಂಪನ್ಯಾಗ ಇಟ್ಟ ಹೆಸರು."

ನನಗೆ ಒಬ್ಬ ಸೋದರತ್ತೆ ಇದ್ದಾಳೆಂದು ಮೂವತ್ತೈದು ದಾಟಿದ ಮೇಲೆ ನಾನು ತಿಳಿದುಕೊಂಡದ್ದು ಹೀಗೆ. ಬೈಲಹೊಂಗಲದಲ್ಲಿ ಕಂಪನಿ ಬಿಡಾರ ಹೂಡಿದ್ದ ಒಂದು ಬೇಸಿಗೆಯಲ್ಲಿ ಅವಳು ಆ ಫೋಟೊದಲ್ಲಿದ್ದ ಹಾರ್ಮೋನಿಯಂ ಮಾಸ್ತರರ ಹಿಂದೆ ಹೋಗಿದ್ದಳು. ಅವರು ಬೇರೆ ಜಾತಿ. ನಮ್ಮಜ್ಜ ಮರುದಿನವೇ ಅವಳ ಬಟ್ಟೆಬರೆ ಸುಡಿಸಿ, ಆ ಹೆಸರು ಈ ಮನೆಯಲ್ಲಿ ಕೇಳಿಸಬಾರದು ಎಂದನಂತೆ. ಕೇಳಿಸಲಿಲ್ಲ. ನಾವು ಮೊಮ್ಮಕ್ಕಳು ಹುಟ್ಟಿ ಬೆಳೆದು, ನನ್ನ ಮದುವೆಯಾದರೂ ಒಂದು ಸಲವೂ ಕೇಳಿಸಲಿಲ್ಲ. ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ.

ಎದ್ದು ಹೊರಡುವಾಗ ಕೇಳಿದೆ, "ಅಪ್ಪಗ ಹೇಳಲೇನತ್ತೀ?"

ಅತ್ತೀ ಎಂದು ಕರೆದದ್ದು ಅವಳಿಗೆ ತಟ್ಟಿತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಹೇಳಂತ ನಾ ಅನ್ನೂದಿಲ್ಲ. ಹೇಳಬ್ಯಾಡಂತನೂ ಅನ್ನೂದಿಲ್ಲ. ನೀ ಮಳ್ಯಾಗ ತೋಯಿಸ್ಕೋಬ್ಯಾಡ, ಹೋಗು. ಬುಧವಾರ ನಾ ನಿಮ್ಮ ಲೈಬ್ರರಿಗೆ ಬರತೇನಿ."

ಆ ರವಿವಾರ ಬೈಲಹೊಂಗಲದಲ್ಲಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿಬಿಟ್ಟೆ. ಅವ್ವ ಕೈಯಲ್ಲಿದ್ದ ರೊಟ್ಟಿ ಹಿಡಿದು ಹಾಗೇ ನಿಂತಳು. ಅಪ್ಪ ತಲೆ ಎತ್ತಲಿಲ್ಲ. ತಾಟಿನಲ್ಲಿದ್ದದ್ದನ್ನು ಮುಗಿಸಿ ಕೈ ತೊಳೆದು ಹೊರಗೆ ಹೋದ. ಸಂಜೆ ನಾನು ಬಸ್ಸಿಗೆ ಹೊರಟಾಗ ಎಂದೂ ಬರದವನು ಚೀಲ ಹಿಡಿದುಕೊಂಡು ಸ್ಟ್ಯಾಂಡಿನವರೆಗೆ ಬಂದ. ಬಸ್ಸು ಬಂದ ಮೇಲೆ ಕೇಳಿದ:

"ಆಕೀಗೆ ಹಲ್ಲು ಅದಾವೇನು?"

"ಅದಾವಪಾ. ಯಾಕ?"

"ನಾ ಸಣ್ಣಾಂವ ಇದ್ದಾಗ ಕಬ್ಬು ಹಲ್ಲಿಲೆ ಸುಲದು, ತುಣುಕು ಮಾಡಿ ನನ್ನ ಬಾಯಾಗ ಇಡತಿದ್ಲು. ನನಗ ಸುಲ್ಯಾಕ ಬರ್ತಿರಲಿಲ್ಲ." ಇನ್ನೇನೋ ಹೇಳುವವನಿದ್ದ. ಕಂಡಕ್ಟರ್ ಸೀಟಿ ಊದಿದ.

ಬುಧವಾರ ಅತ್ತೆ ಬಂದಳು. ಅಲ್ಲಿಂದ ಮುಂದೆ ವಾರವಾರ ಬಂದಳು. ಇಸ್ತ್ರಿ ಮಾಡಿದ ಸೀರೆ, ತಲೆಯಲ್ಲಿ ಹೂವು, ಕೈಯಲ್ಲಿ ಛತ್ರಿ. ಹಿಂದಿನ ಕೋಣೆಯಲ್ಲಿ ಟ್ರಂಕುಗಳ ನಡುವೆ ಒಂದು ಕುರ್ಚಿ ಹಾಕಿದ್ದೆವು. ದೊಡ್ಡ ಮಳೆ ಬಂದರೆ ಪತ್ರಾಸಿನ ಸದ್ದಿಗೆ ರೆಕಾರ್ಡರ್‌ನಲ್ಲಿ ಬೇರೆ ಏನೂ ಹಿಡಿಯುತ್ತಿರಲಿಲ್ಲ. ಮಳೆ ತಗ್ಗುವವರೆಗೆ ಮೂವರೂ ಚಹಾ ಕುಡಿಯುತ್ತ ಕೂರುತ್ತಿದ್ದೆವು. ತಗ್ಗಿದ ಕೂಡಲೇ ಸರ್ ಕೈ ಮಾಡುವರು, ನಾನು ಬಟನ್ ಒತ್ತುವೆ, ಅತ್ತೆ ಹಾಡುವಳು.

ಅವಳ ಮಾತಿನ ದನಿ ಸಾಧಾರಣವಾಗಿತ್ತು, ಸ್ವಲ್ಪ ಒಡೆದಿತ್ತು. ಹಾಡಲು ಬಾಯಿ ತೆರೆದರೆ ಬೇರೆ ಯಾರೋ ಬಂದು ಕುಳಿತಂತಾಗುತ್ತಿತ್ತು. ಮುಂದಿನ ಹಾಲಿನಲ್ಲಿ ಓದುವವರು ಮೊದಲ ದಿನ ಸದ್ದಾಗುತ್ತದೆ ಎಂದು ತಕರಾರು ಮಾಡಿದರು. ಎರಡನೆಯ ಬುಧವಾರ ಅವರಲ್ಲೇ ಕೆಲವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಬಾಗಿಲ ಹತ್ತಿರ ಬಂದು ನಿಂತಿದ್ದರು.

ಹಾಡಿನ ನಡುನಡುವೆ ಕಂಪನಿಯ ಕಥೆಗಳು. ಕೆಟ್ಟ ಅತ್ತೆಯ ಪಾರ್ಟು ಮಾಡಿದ ದಿನಗಳಲ್ಲಿ ಅವಳಿಗೆ ಪೇಟೆಯಲ್ಲಿ ಓಡಾಡುವುದೇ ಕಷ್ಟವಾಗಿತ್ತಂತೆ. "ಬಳಿ ಇಡಸ್ಕೋಬೇಕಂತ ಹೋದ್ರ ಬಳಿಗಾರಾಕಿ ನನ್ನ ಕೈ ಹಿಂಡಿ ಬಿಟ್ಲು ನೋಡ್ರಿ! 'ಆ ಸೊಸಿಗೆ ಯಾಕ ಅಷ್ಟ ಕಾಡತೀ?' ಅಂತ ಕೇಳತಾಳ. ನಾಟಕ ಬರದಾವನ ಕೇಳು ಅಂದೆ." ಹೊಸಮನಿ ಸರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮೈಕು ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿಗೆ ದನಿ ಮುಟ್ಟಿಸುವುದು ಹೇಗೆ ಎಂದು ನನಗೂ ಕಲಿಸಲು ನೋಡಿದಳು. ನನ್ನ ಕೂಗು ಬಾಗಿಲವರೆಗೂ ಹೋಗಲಿಲ್ಲ. "ನಮ್ಮ ಮನಿತನದ್ದ ಅಲ್ಲ ಬಿಡು ನೀನು," ಎಂದಳು. ಎಂದವಳೇ ಸರ್ ಕಡೆ ನೋಡಿ ಮುಂದಿನ ಹಾಡು ಎತ್ತಿಕೊಂಡಳು.

ಪ್ರತಿ ರವಿವಾರ ಅಪ್ಪ ಕೇಳುತ್ತಿದ್ದ. ಏನು ಉಟ್ಟಿದ್ದಳು, ಏನು ಉಂಡಳು, ಕೆಮ್ಮು ಅದ ಏನು. ನನ್ನ ಫೋನಿನಲ್ಲಿ ಹಿಡಿದುಕೊಂಡಿದ್ದ ಒಂದು ಹಾಡನ್ನು ಕೇಳಿಸಲು ಹೋದರೆ ಮಾತ್ರ "ಬ್ಯಾಡ" ಎಂದು ಎದ್ದು ಹೋದ. ಎರಡು ವಾರದ ನಂತರ ತಾನಾಗಿಯೇ ಹೇಳಿದ, "ಪಂಚಮಿಗೆ ನಾನ ಬಂದು ಕರಕೊಂಡು ಹೋಗತೇನಂತ ಹೇಳು ಆಕೀಗೆ. ಇಬ್ಬರೂ ಕೂಡೇ ಬರ್ರಿ. ಹಬ್ಬದ ಹಿಂದಿನ ದಿನ ಮುಂಜಾನಿ ಲೈಬ್ರರಿಗೆ ಬರತೇನಿ."

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು. ಶೇಂಗಾ ಉಂಡಿ, ಎಳ್ಳುಂಡಿ, ಜೋಕಾಲಿ. ಅತ್ತೆಗೆ ಹೇಳಿದಾಗ ಅವಳು ನಗಲಿಲ್ಲ, ಅಳಲೂ ಇಲ್ಲ. "ಹಂಗಂದಾನ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ತಾನಾಗಿನ ಅಂದಾನ, ನೀ ಅನ್ನಿಸೀಯೋ?"

"ತಾನಾಗಿನ ಅಂದಾನತ್ತೀ."

ಆ ದಿನ ಬೆಳಿಗ್ಗೆ ನಾನು ಗ್ರಂಥಾಲಯದ ಬೀಗ ತೆಗೆಯಲು ಹೋಗುವಷ್ಟರಲ್ಲಿ ಅವಳು ಜಗುಲಿಯ ಬೆಂಚಿನ ಮೇಲೆ ಕುಳಿತಿದ್ದಳು. ಹೊಸ ಕುಪ್ಪಸ ಹೊಲಿಸಿದ್ದಳು. ಪಕ್ಕದಲ್ಲಿ ಒಂದು ಕೈಚೀಲ, ಅದರಲ್ಲಿ ಎರಡು ದಿನದ ಬಟ್ಟೆ, ಮನೆಯ ಮಕ್ಕಳಿಗೆಂದು ಬೆಂಡು ಬತ್ತಾಸು. "ಮನ್ಯಾಗ ಈಗ ಮಕ್ಕಳಿಲ್ಲತ್ತೀ," ಎಂದೆ. "ಓಣ್ಯಾಗರೆ ಇರತಾವಿಲ್ಲೋ," ಎಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಅಲ್ಲಿಂದ ರಸ್ತೆ ಕಾಣುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಳೆ ಜೋರಾಯಿತು. ಬೈಲಹೊಂಗಲದ ಬಸ್ಸುಗಳು ಬಂದವು, ಹೋದವು. ಬಸ್ಸು ನಿಂತಾಗಲೆಲ್ಲ ಅವಳು ಸೆರಗು ಸರಿಮಾಡಿಕೊಂಡು ಇಳಿಯುವವರನ್ನು ನೋಡುತ್ತಿದ್ದಳು. ತಮ್ಮನ ಮುಖ ಈಗ ಹೇಗಿದೆಯೋ ಅವಳಿಗೆ ಗೊತ್ತಿಲ್ಲವಲ್ಲ ಎಂದು ನನಗೆ ಹೊಳೆದದ್ದು ಆಗ. ವಯಸ್ಸಾದ ಪ್ರತಿಯೊಬ್ಬ ಗಂಡಸನ್ನೂ ಅವಳು ಹುಡುಕಿ ಹುಡುಕಿ ನೋಡುತ್ತಿದ್ದಳು.

ಫೋನು ಬಂತು. ನಾನು ಒಳಗೆ ಹೋದೆ. ಅಪ್ಪನ ದನಿ ತಗ್ಗಿತ್ತು.

"ಕಸ್ತೂರಿ, ಕಿತ್ತೂರಿನವರು ಬಂದಾರವಾ. ಹೇಳಿ ಇಲ್ಲ ಕೇಳಿ ಇಲ್ಲ, ಉಂಡಿ ತಗೊಂಡು ಬಂದು ಪಡಸಾಲ್ಯಾಗ ಕುಂತಾರ."

ಕಿತ್ತೂರಿನವರೆಂದರೆ ನನ್ನ ತಮ್ಮನಿಗೆ ನೋಡಿದ್ದ ಹುಡುಗಿಯ ಮನೆಯವರು. ಮಾತುಕತೆ ಆಗಿತ್ತು, ದಿನ ಗೊತ್ತುಮಾಡುವುದು ಬಾಕಿ.

"ಬರಲಿಬಿಡಪಾ. ಅವರು ಹೋದ ಮ್ಯಾಲೆ ಬಾ. ಸಂಜಿಗಾದ್ರೂ ಬಾ."

"ಇವತ್ತು ಇಲ್ಲೇ ಇರತಾರಂತ. ಆಕೀನ ಕರಕೊಂಡು ಬಂದು ಯಾರಂತ ಹೇಳಲಿ? ನಾಟಕದಾಕಿ ನಮ್ಮಕ್ಕ ಅಂತ ಹೇಳಲ್ಯಾ? ಲಗ್ನ ಒಂದು ಆಗಲಿ, ಆಮ್ಯಾಲೆ ನಾನ ಹೋಗಿ ಕರಕೊಂಡು ಬರತೇನಿ. ತಿಳಿಸಿ ಹೇಳು."

ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ಜಗುಲಿಗೆ ಬಂದು ಅವಳ ಪಕ್ಕ ಕುಳಿತೆ. ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದಳು. "ಬರಾಕ ಆಗಲಿಲ್ಲ ಹೌದಿಲ್ಲೋ? ಮಳಿ ಭಾಳ ಐತಿ. ಈ ರಸ್ತ್ಯಾಗ ಬರೂದು ಬ್ಯಾಡ ಅವಗ." ಬೆಂಡು ಬತ್ತಾಸಿನ ಪೊಟ್ಟಣ ಬಿಚ್ಚಿ ಒಳಗೆ ಓದುತ್ತಿದ್ದವರಿಗೆಲ್ಲ ತಾನೇ ಹಂಚಿದಳು. ನಮ್ಮ ಸರ್‌ಗೂ ಕೊಟ್ಟಳು. ಆಮೇಲೆ ಚೀಲ ಎತ್ತಿಕೊಂಡು ಮುನವಳ್ಳಿ ಬಸ್ಸು ಹತ್ತಿದಳು. ಆ ವರ್ಷ ನಾನೂ ಪಂಚಮಿಗೆ ತವರಿಗೆ ಹೋಗಲಿಲ್ಲ.

ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಬುಧವಾರ ಬಂದಳು. ಹಾಡು ಸಾಕು, ಇವತ್ತು ಮಾತು ಎಂದರು ಸರ್. ಸಂಗ್ರಹದಲ್ಲಿ ಕಲಾವಿದರ ಹಾಡಿನ ಜೊತೆಗೆ ಅವರ ಬಾಯಿಂದಲೇ ಅವರ ಜೀವನವೂ ಇರಬೇಕು ಎಂಬುದು ಅವರ ಪದ್ಧತಿ. ಅತ್ತೆ ನಮಗೇನಾಗಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಹೇಳಬೇಡ ಎಂದು ಅವಳು ಮೊದಲೇ ಅಂದಿದ್ದಳು. ಮಳೆ ಬಿಟ್ಟಿತ್ತು. ನಾನು ಬಟನ್ ಒತ್ತಿದೆ.

"ತಮ್ಮ ಹುಟ್ಟಿದ ಊರು?"

"ಕಂಪನಿ ಎಲ್ಲಿ ಇರ್ತಿತ್ತೋ ಅದ ನಮ್ಮೂರ್ರಿ. ಅದರ ಹಿಂದಿಂದು ಬ್ಯಾಡ."

"ತಂದಿ ತಾಯಿ?"

"ಹೋಗ್ಯಾರ್ರಿ."

"ಒಡಹುಟ್ಟಿದಾವರು?"

ಅವಳು ನನ್ನ ಕಡೆ ನೋಡಲಿಲ್ಲ. ನಾನು ಹಿಡಿದ ಯಂತ್ರವನ್ನು ನೋಡಿದಳು. ಕಟ್ಟಕಡೆಯ ಸಾಲಿಗೂ ಕೇಳಿಸುವಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು: "ಯಾರೂ ಇಲ್ರಿ. ನಾ ಒಬ್ಬಾಕಿ."

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. "ಹಂಗ್ಯಾಕ ಅಂದೆತ್ತೀ? ಪಂಚಮಿ ಸಿಟ್ಟೇನು?"

"ಸಿಟ್ಟಲ್ಲವಾ. ನಿನ್ನ ತಮ್ಮನ ಲಗ್ನ ಐತಿ. ನಾಳೆ ಯಾರರೆ ಬಂದು ಇದನ್ನ ಕೇಳಿದ್ರ?" ಎಂದಳು. ತಾನೇ ಮುಂದುವರಿಸಿದಳು. "ನಮ್ಮವ್ವ ಸತ್ತಾಗ ನಾ ಬಂದಿದ್ದೆ. ನೀ ಆಗ ಇನ್ನ ಹುಟ್ಟಿದ್ದಿಲ್ಲ. ಕ್ಯಾಂಪ್ ಬಿಟ್ಟು, ಸಿಕ್ಕ ಲಾರಿ ಹತ್ತಿ ಬಂದೆ. ನಮ್ಮಪ್ಪ ಆಗ ಇರಲಿಲ್ಲ, ಮನ್ಯಾಗ ಶಿವಪುತ್ರನೇ ಹಿರ್ಯಾ. ಬಾಗಲದಾಗ ನಿಂತಿದ್ದ. ಸುತ್ತ ಊರ ಮಂದಿ. ನನ್ನ ನೋಡಿ, 'ಯಾರು ನೀವು? ಯಾರು ಬೇಕಾಗಿತ್ತು ನಿಮಗ?' ಅಂದ." ನನ್ನ ಕಡೆ ತಿರುಗಿದಳು. "ನೀವು ಅಂದ ಕಸ್ತೂರಿ. ನಾ ಬಗಲಾಗ ಎತ್ತಿಕೊಂಡು ಬೆಳಿಸಿದಾಂವ. 'ನಡೀ, ಹೊಳ್ಳಿ ಹೋಗು' ಅಂತ ಬೈದಿದ್ರ, ತಲಿ ಕೂದಲಾ ಹಿಡದು ಎಳದಿದ್ರ, ನಾ ಅವನ ದಾಟಿ ಒಳಗ ಹೋಗಿ ಅವ್ವನ ಮಾರಿ ನೋಡತಿದ್ದೆ. ನೀವು ಅಂದುಬಿಟ್ಟ ಮ್ಯಾಲೆ ಹ್ಯಾಂಗ ಹೋಗಲಿ?"

ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತು ನನ್ನ ಕಡೆ ಕೈ ಬೀಸಿದಳು. ಅವಳು ಗ್ರಂಥಾಲಯಕ್ಕೆ ಬಂದದ್ದು ಅದೇ ಕೊನೆ.

ಮುಂದಿನ ವಾರ ಜ್ವರ ಎಂದು ಸುದ್ದಿ ಕಳಿಸಿದಳು. ನೋಡಲು ಹೋದಾಗ ಹಾಸಿಗೆಯಲ್ಲಿದ್ದಳು. ಕಾಲು ಬಾತಿದ್ದವು, ಉಸಿರಾಟಕ್ಕೆ ಕಷ್ಟವಾಗುತ್ತಿತ್ತು. ಡಾಕ್ಟರು ಹೃದಯದ ತೊಂದರೆ ಹಳೆಯದು ಎಂದಿದ್ದರಂತೆ. ದೊಡ್ಡ ಆಸ್ಪತ್ರೆಗೆ ಹೋಗೋಣ ನಡಿ ಎಂದರೆ, ಶ್ರಾವಣ ಮುಗಿಯಲಿ ಎಂದಳು. ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ನೀವು ಎಂದ ಮಾತನ್ನೂ ಹೇಳಿದೆ. "ಬರತೇನಿ," ಎಂದ. "ಹೊಲದಾಗ ಹೆಸರುಕಾಳು ಬಿಡಿಸೂದು ನಡದೈತಿ. ಸೋಮವಾರ ಬರತೇನಿ."

ಅತ್ತೆ ಶನಿವಾರ ಬೆಳಗಿನ ಜಾವ ಹೋದಳು. ಮಗ್ಗುಲ ಮನೆಯ ಹೆಂಗಸು ಫೋನು ಮಾಡಿದಳು.

ಈ ಸಲ ಅಪ್ಪ ಯಾರನ್ನೂ ಕೇಳಲಿಲ್ಲ. ಅವ್ವನನ್ನೂ ತಮ್ಮನನ್ನೂ ಕರೆದುಕೊಂಡು ಗಾಡಿ ಮಾಡಿಸಿಕೊಂಡು ಬಂದ. ನಾನು ಮೊದಲೇ ಅಲ್ಲಿದ್ದೆ. ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಊರಿನ ಭಜನೆಯವರು ಬಂದಿದ್ದರು. ಹೊಸಮನಿ ಸರ್ ಒಂದು ಮೂಲೆಯಲ್ಲಿ ನಿಂತಿದ್ದರು. ನಮ್ಮ ಕಡೆ ಹೆಣ್ಣುಮಗಳು ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು. "ಆಕೀಗೆ ತವರು ಇಲ್ಲಲ್ಲ," ಎಂದು ಓಣಿಯ ಹೆಂಗಸರೇ ಕೂಡಿ ಒಂದು ಸೀರೆ ತಂದು ಹೊದಿಸಿ ಮುಗಿಸಿದ್ದರು. ಅಪ್ಪನ ಬಗಲಲ್ಲಿ ಇಳಕಲ್ ಸೀರೆಯ ಪೊಟ್ಟಣವಿತ್ತು. ಹಿರಿಯ ಹೆಂಗಸೊಬ್ಬಳು ಅದನ್ನು ನೋಡಿ, ಅವನ ಮುಖವನ್ನೂ ನೋಡಿ, ದಾರಿ ಬಿಟ್ಟಳು. ಅವರು ಹೊದಿಸಿದ್ದರ ಮೇಲೆಯೇ ಅಪ್ಪ ತನ್ನ ಸೀರೆ ಹೊದಿಸಿದ. ಸೆರಗು ಎರಡು ಸಲ ಜಾರಿತು. ಆಮೇಲೆ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮುಖದ ಹತ್ತಿರ ಮುಖ ತಂದು, "ಅಕ್ಕಾ, ನೋಡಿಲ್ಲೆ, ನಾ ಬಂದೇನಿ," ಎಂದ. ಮತ್ತೊಮ್ಮೆ ಎಂದ. ಅವ್ವ ಹೋಗಿ ಎಬ್ಬಿಸುವವರೆಗೆ ಅಷ್ಟನ್ನೇ ಎನ್ನುತ್ತಿದ್ದ.

ಮಣ್ಣು ಮಾಡಿ ಬಂದ ಕೆಲವು ದಿನಗಳಿಗೆ ಕಿತ್ತೂರಿನ ಬೀಗರು ಮಾತಾಡಿಸಿ ಹೋಗಲು ಬಂದರು. ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಸಂಬಂಧ ಮುರಿದರೂ ಸೈ ಎಂದು ಅಪ್ಪ ತಯಾರಾಗಿಯೇ ಕುಳಿತಿದ್ದ. ಹುಡುಗಿಯ ಅಜ್ಜ ಪಡಸಾಲೆಯಲ್ಲಿ ಕುಳಿತು ನೀರು ಕುಡಿದು ಹೇಳಿದರು: "ಚಂದ್ರಕಲಾ ನಿಮ್ಮಕ್ಕನೇನ್ರಿ? ಎಂಥಾ ದನಿ ಅದು! ನಾವು ಕಿತ್ತೂರಿಂದ ಚಕ್ಕಡಿ ಕಟ್ಟಿಕೊಂಡು ಹೋಗಿ ನೋಡತಿದ್ವಿ. ಮೊದಲ ತಿಳಿಸಿದ್ರ ನಮ್ಮನಿ ಲಗ್ನಕ್ಕ ಆಕೀನ ಕೈ ಹಿಡದು ಕರಕೊಂಡು ಬರತಿದ್ವಲ್ರಿ. ಇದನ್ನ್ಯಾಕ ಮುಚ್ಚಿಟ್ರಿ?"

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅಪ್ಪ ಎದ್ದು ಹಿತ್ತಲಿಗೆ ಹೋದವನು ಅವರು ಹೊರಡುವವರೆಗೆ ಬರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ದಿನ, ಹೇಳದೆ ಕೇಳದೆ, ಗ್ರಂಥಾಲಯಕ್ಕೆ ಬಂದ. ಪೇಟ, ಒಗೆದ ಧೋತರ. ಹೊಸಮನಿ ಸರ್‌ಗೆ ಕೈ ಮುಗಿದು, "ನಮ್ಮಕ್ಕನ ದನಿ ಕೇಳಬೇಕಾಗಿತ್ರಿ," ಎಂದ. ಹಿಂದಿನ ಕೋಣೆಯಲ್ಲಿ ಅತ್ತೆಯ ಕುರ್ಚಿಯಲ್ಲೇ ಕೂರಿಸಿ ಹೆಡ್‌ಫೋನ್ ಹಾಕಿದೆ. ಕಂಪ್ಯೂಟರಿನಲ್ಲಿ ಒಂದೊಂದೇ ಹಾಡು ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದ. ಕೆಟ್ಟ ಅತ್ತೆಯ ಕಥೆ ಬಂದಾಗ ಸ್ವಲ್ಪ ನಕ್ಕ. ಹಾಡುಗಳು ಮುಗಿದ ಮೇಲೆ ಹೆಡ್‌ಫೋನ್ ತೆಗೆಯಲು ಹೋದೆ.

"ಮಾತಾಡಿದ್ದು ಇಲ್ಲೇನು?"

"ಐತಪಾ. ಅದು ಮತ್ತೊಮ್ಮೆ ಕೇಳಿದ್ರಾತು."

"ಹಚ್ಚು."

"ಅಪ್ಪಾ..."

"ಹಚ್ಚವಾ. ಏನಂದಾಳ ಅದನ್ನ ಕೇಳಾಕ ಬಂದೇನಿ."

ಹಚ್ಚಿದೆ. ನನಗೆ ಕೇಳಿಸುತ್ತಿರಲಿಲ್ಲ, ಅವನ ಮುಖ ಮಾತ್ರ ಕಾಣುತ್ತಿತ್ತು. ಊರಿನ ಪ್ರಶ್ನೆ, ತಂದೆ ತಾಯಿಯ ಪ್ರಶ್ನೆ. ಆಮೇಲೆ ಎಲ್ಲಿಗೆ ಬಂತೆಂದು ಅವನ ಮುಖದಲ್ಲೇ ತಿಳಿಯಿತು. ಹೆಡ್‌ಫೋನನ್ನು ತಾನೇ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಖರೇನ ಹೇಳ್ಯಾಳ," ಎಂದ.

ನಿನಗಾಗಿ, ತಮ್ಮನ ಮದುವೆಗಾಗಿ ಹಾಗೆಂದಳು ಎಂದು ಬಿಡಿಸಿ ಹೇಳಿದೆ. ತಲೆ ಅಲ್ಲಾಡಿಸಿದ. ಹೊಸಮನಿ ಸರ್ ಅಲ್ಲೇ ನಿಂತಿದ್ದರು. ಅಪ್ಪ ಅವರನ್ನು ಕೇಳಿದ, "ಸಾಹೇಬ್ರ, ಇದನ್ನ ಅಳಿಸಿ ಬ್ಯಾರೆ ಹಾಕಾಕ ಬರೂದಿಲ್ಲೇನ್ರಿ?"

ಸರ್ ಅವನ ಹೆಗಲ ಮೇಲೆ ಕೈ ಇಟ್ಟರು. "ಅವರು ಹೇಳಿದ್ದು ಅವರದ್ರಿ. ಅದನ್ನ ಮುಟ್ಟಾಕ ಬರೂದಿಲ್ಲ. ನೀವು ಹೇಳೂದಿದ್ರ ಹೇಳ್ರಿ. ಅದನ್ನೂ ಇಡತೇವಿ."

ನಾನು ರೆಕಾರ್ಡರ್ ತಂದು ಅವನ ಮುಂದೆ ಇಟ್ಟು ಬಟನ್ ಒತ್ತಿದೆ. ಅಪ್ಪ ಪೇಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಸಾಕ್ಷಿ ಹೇ‌ಳುವವನಂತೆ ಹೆಸರು, ಊರು, ಮನೆತನ ಎಲ್ಲ ಹೇಳಿದ. ಅತ್ತೆ ಬಿಟ್ಟುಬಿಟ್ಟದ್ದನ್ನೆಲ್ಲ ಹೇಳಿದ: ಹುಟ್ಟಿದ್ದು ಬೈಲಹೊಂಗಲ, ತಂದೆಯ ಹೆಸರು, ತಾಯಿಯ ಹೆಸರು. "ಚಂದ್ರಕಲಾ ಅಂತ ಮಂದಿ ಕರೀತಿದ್ದ ನೀಲವ್ವ ನಮ್ಮಕ್ಕ. ನಾ ಆಕಿ ತಮ್ಮ. ನಾವಿಬ್ಬರೇ ಮಕ್ಕಳು ನಮ್ಮಪ್ಪಗ." ಅಲ್ಲಿಯವರೆಗೆ ದನಿ ಗಟ್ಟಿಯಾಗಿಯೇ ಇತ್ತು.

ಅಪ್ಪ ಈ ಬೇಸಿಗೆಯಲ್ಲಿ ತೀರಿಕೊಂಡ. ನಾನೀಗ ರಾಮದುರ್ಗದ ಗ್ರಂಥಾಲಯದಲ್ಲಿದ್ದೇನೆ. ಸರ್ ನಿವೃತ್ತರಾಗಿ ಊರಿಗೆ ಹೋದರು. ಹೋದ ವಾರ ಸವದತ್ತಿಗೆ ಹೋದದ್ದು ಅಪ್ಪನ ದನಿ ಕೇಳಬೇಕು ಎನ್ನಿಸಿದ್ದಕ್ಕೆ. ಬೇರೆಲ್ಲೂ ಅದು ಉಳಿದಿಲ್ಲ. ನಾವಿಬ್ಬರೇ ಮಕ್ಕಳು ಎಂದ ಮೇಲೆ ಅದರಲ್ಲಿ ಬಹಳ ಹೊತ್ತು ಮಾತಿಲ್ಲ. ಫ್ಯಾನು ತಿರುಗುವ ಸದ್ದು ಇದೆ, ಮುಂದಿನ ಹಾಲಿನಲ್ಲಿ ಯಾರೋ ಕೆಮ್ಮಿದ್ದು ಇದೆ. ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಾನೆ, "ಅಕ್ಕಾ" ಎನ್ನುತ್ತಾನೆ, ಮತ್ತೆ ಸುಮ್ಮನಾಗುತ್ತಾನೆ. ಕೊನೆಗೆ ನನ್ನದೇ ದನಿ ಕೇಳುತ್ತದೆ, "ಸಾಕೇನಪಾ? ಬಂದ್ ಮಾಡಲೇನು?"

"ತಡಿಯವಾ," ಎನ್ನುತ್ತಾನೆ ಅಪ್ಪ. "ಇನ್ನ ಹೇಳೂದೈತಿ. ಬಾಯಿಗೆ ಬರವಲ್ತು."